ಬೆಳಗಾವಿಯ ಪಲ್ಟನ್ನು, ನಮ್ಮೂರ ಬಸ್ರಾ ಅಜ್ಜ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ, ಶಾಲೆಯ ಮೊದಲ ತಂಡದ ವಿದ್ಯಾರ್ಥಿಯೂ ನಿವೃತ್ತ ಸುಬೇದಾರರೂ ಆದವರು ಮಾಡಿದ ಭಾಷಣ)



“ಮಿಲ್ಟ್ರಿ ಬಗ್ಗೆ ಎರಡು ಮಾತು ಹೇಳ್ರಿ” ಎಂದಿದ್ದಾರೆ ಹೆಡ್‌ಮಾಸ್ತರರು. ನನ್ನ ಸರ್ವೀಸಿನ ಕತೆ ಬೇಡ. ನಾನಿದ್ದ ಮರಾಠಾ ಲೈಟ್ ಇನ್‌ಫಂಟ್ರಿಯ ಹಳೆಯ ಕತೆ ಹೇಳುತ್ತೇನೆ. ಬೆಳಗಾವಿ ಕ್ಯಾಂಪಿನಲ್ಲಿ ಅದರ ಬೋರ್ಡು ನೋಡಿದವರು ಬಹಳ, ಕತೆ ಕೇಳಿದವರು ಕಡಿಮೆ.

ಈ ರೆಜಿಮೆಂಟಿನ ಬೇರು 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಂಬಯಿಯಲ್ಲಿ ಕಟ್ಟಿದ ಸಿಪಾಯಿ ಪಲ್ಟನ್ನಿನಲ್ಲಿದೆ. 1903ರಲ್ಲಿ ಮುಂಬಯಿ ಪಲ್ಟನ್ನುಗಳ ನಂಬರಿಗೆ ನೂರು ಕೂಡಿಸಿದರು. 3 ಇದ್ದದ್ದು 103 ಆಯಿತು, 10 ಇದ್ದದ್ದು 110, 17 ಇದ್ದದ್ದು 117. ನೂರಾರು ಮರಾಠಾ ಪಲ್ಟನ್ನು ಇದ್ದವೇನೋ ಎಂದು ರಿಕ್ರೂಟ್ ಆಗಿದ್ದಾಗ ನಾನೂ ತಿಳಿದಿದ್ದೆ! ಹೆಸರು ಮರಾಠಾ ಆದರೂ ದಖ್ಖನಿ ಮುಸಲ್ಮಾನರೂ ಅದರಲ್ಲಿದ್ದರು.

ಮೊದಲನೆಯ ಮಹಾಯುದ್ಧ ಬಂತು. ಸಿಪಾಯಿಯ ಪಗಾರ ಆಗ ತಿಂಗಳಿಗೆ 11 ರೂಪಾಯಿ. ಆ ಹನ್ನೊಂದು ರೂಪಾಯಿಗಾಗಿ ನಮ್ಮ ಕಡೆಯ ಹುಡುಗರು ಹಡಗು ಹತ್ತಿ, ಇಂದಿನ ಇರಾಕಿನ ಬಸ್ರಾದಲ್ಲಿ ಇಳಿದರು. ಯುದ್ಧ ಅವರದಲ್ಲ, ರಾಜ್ಯವೂ ಅವರದಲ್ಲ. ನಾನು ಹೇಳಿದ ಮೂರೂ ಪಲ್ಟನ್ನುಗಳು ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುಟ್ ಎಂಬ ಊರಿನಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಲ್ಲಿ ತುರ್ಕರು ಮುತ್ತಿಗೆ ಹಾಕಿದರು. ದಿನದಿಂದ ದಿನಕ್ಕೆ ಹಿಟ್ಟು ಕಡಿಮೆಯಾಯಿತು. ಕೊನೆಕೊನೆಗೆ ವಿಮಾನದಿಂದ ಮೂಟೆ ಕೆಡವಿದರು. ಅಷ್ಟು ಬಾಯಿಗೆ ಅದು ಎಲ್ಲಿ ಸಾಕಾದೀತು? ಕುದುರೆ ಕಡಿದು ಮಾಂಸ ಕೊಟ್ಟರೆ ನಮ್ಮವರಲ್ಲಿ ಬಹಳ ಮಂದಿ ಧರ್ಮಕ್ಕಂಜಿ ಮುಟ್ಟಲಿಲ್ಲ. ಮುಟ್ಟದೆ ಸೊರಗಿದರು. 147 ದಿನಗಳ ಮೇಲೆ, 1916ರ ಏಪ್ರಿಲ್ 29ರಂದು, ಜನರಲ್ ಟೌನ್‌ಶೆಂಡ್ ಶರಣಾದರು. ಸುಮಾರು 13,000 ಜನ ಕೈದಿಗಳಾದರು. ಜನರಲ್ ಸಾಹೇಬರನ್ನು ಇಸ್ತಾಂಬುಲ್ ಹತ್ತಿರದ ದ್ವೀಪವೊಂದರಲ್ಲಿ ಸುಖವಾಗಿಟ್ಟರು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿ, ರೈಲುಹಳಿ ಹಾಕುವ ಕೆಲಸಕ್ಕೆ ಹಚ್ಚಿದರು. ದಾರಿಯಲ್ಲೇ ಬಿದ್ದವರಿಗೆ ಲೆಕ್ಕವಿಲ್ಲ.

ಅದೇ ಇರಾಕಿನ ಷರ್ಕತ್‌ನಲ್ಲಿ 1918ರ ಅಕ್ಟೋಬರದಲ್ಲಿ 114ನೆಯ ಪಲ್ಟನ್ನು ಹೆಸರು ಗಳಿಸಿತು. 1922ರಲ್ಲಿ ಪಲ್ಟನ್ನುಗಳನ್ನೆಲ್ಲ ಒಂದುಗೂಡಿಸಿ ರೆಜಿಮೆಂಟು ಮಾಡಿದಾಗ, ಈ 114ನ್ನೇ ತರಬೇತಿಯ ಪಲ್ಟನ್ನಾಗಿ ಬೆಳಗಾವಿಯಲ್ಲಿ ನಿಲ್ಲಿಸಿದರು. ಇಂದಿನ ಸೆಂಟರ್ ಎಂದರೆ ಅದೇ. ಅಲ್ಲಿಯ ಷರ್ಕತ್ ಸ್ಮಾರಕದ ಮುಂದೆ ನಾನು ಎಷ್ಟೋ ಸಲ ಸೆಲ್ಯೂಟ್ ಹೊಡೆದಿದ್ದೇನೆ.

ಬಸ್ರಾದ ಹೆಸರಿನಲ್ಲೂ ಒಂದು ದೊಡ್ಡ ಸ್ಮಾರಕವಿದೆ. ಗೋರಿ ಸಿಗದ ನಲವತ್ತು ಸಾವಿರಕ್ಕೂ ಹೆಚ್ಚು ಜನರ ನೆನಪಿಗಾಗಿ ಕಟ್ಟಿದ್ದು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ನಮ್ಮ ಸಿಪಾಯಿಗಳದು ಹೆಸರಿಲ್ಲ. ಇಂಥ ಪಲ್ಟನ್ನಿನವರು ಇಷ್ಟು ಮಂದಿ ಎಂದು ಸಂಖ್ಯೆ ಮಾತ್ರ. ಸ್ಮಾರಕ ನೋಡಿಕೊಳ್ಳುವ ಆಯೋಗ ಈ ಭೇದ ತಪ್ಪೆಂದು 2021ರಲ್ಲಿ ಕ್ಷಮೆ ಕೇಳಿತು. ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ಸರಕಾರ ಹಾಕಿಸಿದ ಕಲ್ಲುಗಳೂ ಹಾಗೆಯೇ: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು.

ಇಂಗ್ಲಿಷರನ್ನು ಬೈಯುವುದು ಸುಲಭ. ನಾವೇನು ಮಾಡಿದೆವು? ನಾನು ಸಣ್ಣವನಿದ್ದಾಗ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮುದುಕರೊಬ್ಬರು ಕೂಡುತ್ತಿದ್ದರು. ಮಕ್ಕಳೆಲ್ಲ “ಬಸ್ರಾ ಅಜ್ಜ” ಎನ್ನುತ್ತಿದ್ದೆವು. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಊದಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಕುಟ್‌ನಲ್ಲಿ ಇದ್ದರೋ, ಷರ್ಕತ್‌ನಲ್ಲಿ ಇದ್ದರೋ ಒಬ್ಬರೂ ಕೇಳಲಿಲ್ಲ. ನಾನು ಸೈನ್ಯ ಸೇರುವ ಹೊತ್ತಿಗೆ ತೀರಿಕೊಂಡಿದ್ದರು. ಈ ಭಾಷಣಕ್ಕಾಗಿ ಹೋದ ವಾರ ಓಣಿ ಓಣಿ ತಿರುಗಿ ವಿಚಾರಿಸಿದೆ. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ.

ಶಾಲೆಯ ಆಫೀಸಿನಲ್ಲಿ ಒಂದು ದೊಡ್ಡ ನೋಟುಬುಕ್ಕು ಇಟ್ಟಿದ್ದೇನೆ. ನಿಮ್ಮ ಮನೆಯಿಂದ ಸೈನ್ಯಕ್ಕೆ ಹೋದವರ ಹೆಸರು, ಅವರ ತಂದೆ-ತಾಯಿಯ ಹೆಸರು ಬರೆಸಿರಿ. ಟ್ರಂಕಿನ ತಳದಲ್ಲಿ ಮೆಡಲ್ಲು ಇದ್ದರೆ ತನ್ನಿರಿ. ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ, ಓದಿ ಹೇಳುತ್ತೇನೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತಿರುತ್ತೇನೆ.