ಎಷ್ಟು ಕೊಟ್ಟರು ಅನ್ನೋದಷ್ಟೇ ಲೆಕ್ಕವಲ್ಲ

(ದಾವಣಗೆರೆಯ ಸರಸ್ವತಿ ನಗರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ವಾರದ ಸಭೆಯಲ್ಲಿ ನಾವು ಏನು ಮಾಡ್ತೀವಿ? ಉಳಿತಾಯ ಎಷ್ಟು, ಸಾಲ ಎಷ್ಟು, ಮರುಪಾವತಿ ಎಷ್ಟು ಅಂತ ಎಲ್ಲರ ಮುಂದೆ ಓದ್ತೀವಿ. ಅಷ್ಟಕ್ಕೇ ಬಿಡೋದಿಲ್ಲ. "ಹೊಲಿಗೆ ಯಂತ್ರಕ್ಕೆ ಅಂತ ಸಾಲ ತಗೊಂಡ್ಯಲ್ಲವ್ವ, ಈಗ ದಿನಕ್ಕೆ ಎಷ್ಟು ಜಂಪರ್ ಹೊಲಿತೀಯ?" ಅಂತಲೂ ಕೇಳ್ತೀವಿ. ಮೊದಲನೆಯದು ಲೆಕ್ಕ ತಪಾಸಣೆ. ಎರಡನೆಯದು ಮೌಲ್ಯಮಾಪನ.

ಸರ್ಕಾರದ ಯೋಜನೆಗಳಿಗೂ ಈ ಎರಡೂ ಪ್ರಶ್ನೆ ಬೇಕು. ಸಿಎಜಿ ಅಂತ ಪೇಪರಿನಲ್ಲಿ ಓದ್ತೀರಲ್ಲ, ಆ ಮಹಾಲೆಕ್ಕ ಪರಿಶೋಧಕರ ವರದಿಯನ್ನು ಸಂವಿಧಾನದ 151ನೇ ವಿಧಿಯಂತೆ ವಿಧಾನಮಂಡಲದ ಮುಂದೆ ಇಡಬೇಕು. ಶಾಸಕರೇ ಇರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ನೋಡಿ, ಅಧಿಕಾರಿಗಳನ್ನು ಕರೆಸಿ ವಿವರಣೆ ಕೇಳುತ್ತದೆ. ಯೋಜನೆಯಿಂದ ಜನರಿಗೆ ಏನು ಪ್ರಯೋಜನ ಆಯಿತು ಅಂತ ಅಧ್ಯಯನ ಮಾಡಿಸಲು ನಮ್ಮ ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು.

ಆದರೆ ಈ ಎಲ್ಲಾ ವರದಿಗಳ ಬೇರು ಇರೋದು ನಮ್ಮ ಮನೆ ಬಾಗಿಲಲ್ಲಿ.

ನನ್ನದೇ ಮಾತು ಹೇಳ್ತೀನಿ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗೆ ಸರ್ವೆಗೆ ಬಂದಿದ್ದರು. "ಶೌಚಾಲಯ ಇದೆಯಾ?" ಅಂದರು. "ಇದೆ" ಅಂದೆ. ಬರೆದುಕೊಂಡು ಹೋದರು. ನೀರಿಲ್ಲದೆ ಅದರೊಳಗೆ ಸೌದೆ ತುಂಬಿಟ್ಟಿದ್ದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಕಾರ್ಡು ರದ್ದು ಮಾಡ್ತಾರೋ ಅನ್ನೋ ಭಯ. ಕಾಗದದಲ್ಲಿ ನಮ್ಮ ಮನೆ ಯಶಸ್ಸಿನ ಲೆಕ್ಕಕ್ಕೆ ಸೇರಿತು. ಸೌದೆ ಮಾತ್ರ ಅಲ್ಲೇ ಇತ್ತು.

ಗೃಹಲಕ್ಷ್ಮಿಯನ್ನೇ ನೋಡಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಎಷ್ಟು ಖಾತೆಗೆ ಹಣ ಹೋಯಿತು ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ. ಹಣ ಹೊತ್ತಿಗೆ ಬಂತಾ? ಎಟಿಎಂ ಕಾರ್ಡು ಯಾರ ಕೈಯಲ್ಲಿದೆ? ಮಗಳ ಫೀಸಿಗೆ ಹೋಯಿತಾ, ಕೈಸಾಲದ ಬಡ್ಡಿಗೆ ಹೋಯಿತಾ? ಇದನ್ನು ನಾವೇ ಹೇಳಬೇಕು. ಗೊತ್ತಿಲ್ಲದೆ ಶಾಸಕರು ಸದನದಲ್ಲಿ ಏನಂತ ಕೇಳ್ತಾರೆ?

ಹಾಗಾದರೆ ನಾವೇನು ಮಾಡೋಣ?

ಸರ್ವೆಗೆ ಬಂದವರ ಗುರುತಿನ ಚೀಟಿ ನೋಡಿ, ಯಾತಕ್ಕೆ ಬಂದಿದ್ದೀರಿ ಅಂತ ಕೇಳೋಣ. ಇದ್ದದ್ದನ್ನು ಇದ್ದಹಾಗೆ ಹೇಳೋಣ. ಒಳ್ಳೆಯದಾಗಿದ್ದರೆ ಅದನ್ನೂ ಹೇಳೋಣ. ಒಬ್ಬಳೇ ಹೇಳೋಕೆ ಭಯವಾದರೆ ಸಂಘದಲ್ಲಿ ಮಾತಾಡಿ, ಯಾರ ಹೆಸರೂ ಹಾಕದೆ ನಡವಳಿ ಪುಸ್ತಕದಲ್ಲಿ ಬರೆಯೋಣ. ಅಧಿವೇಶನಕ್ಕೆ ಮುಂಚೆ ಅದರ ಪ್ರತಿಯನ್ನು ನಮ್ಮ ಶಾಸಕರ ಕೈಗೆ ಕೊಡೋಣ. ನಾವು ಹೇಳಿದ್ದು ವರದಿಯಲ್ಲಿ ಬಂತಾ ಅಂತ ನೋಡಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಅದಕ್ಕೆ ಶುಲ್ಕವಿಲ್ಲ.

ಸಂಘದ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿಯಾದರೂ ಎದ್ದು ಹೋಗದವರು ನಾವು. ಸರ್ಕಾರದ ಹಣವೂ ನಮ್ಮದೇ ಅಲ್ಲವೇ? ಮುಂದಿನ ಸಭೆಗೆ ಪ್ರತಿ ಸಂಘವೂ ಒಂದು ಯೋಜನೆಯನ್ನು ಆರಿಸಿಕೊಂಡು, ನಿಜ ಸ್ಥಿತಿ ಬರೆದುಕೊಂಡು ಬನ್ನಿ.