ಮಯೂರಶರ್ಮನ ಸಿಪಾಯಿಗಳಿಗೆ ಯಾವ ಬಣ್ಣ?



ಕಾಲೇಜಿನಲ್ಲಿ ಮೂವತ್ತು ವರ್ಷಗಳ ಕಾಲ ಕನ್ನಡ ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ತಾಳಗುಂದದ ಸ್ತಂಭಶಾಸನವನ್ನು ಎಷ್ಟು ಸಲ ವಿವರಿಸಿದೆನೋ ಲೆಕ್ಕವಿಲ್ಲ. ಆದರೆ ಯಾವ ವಿದ್ಯಾರ್ಥಿಯೂ ಕೇಳದಿದ್ದ ಪ್ರಶ್ನೆಯೊಂದನ್ನು, ನಿವೃತ್ತನಾದ ಮೇಲೆ, ಹದಿನಾಲ್ಕು ವರ್ಷದ ಮೊಮ್ಮಗ ಕೇಳಿದ. ಒಂದು ಕೈಯಲ್ಲಿ ಕುಂಚ, ಇನ್ನೊಂದು ಕೈಯಲ್ಲಿ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಸಿಪಾಯಿ ಬೊಂಬೆ. “ಅಜ್ಜಾ, ಮಯೂರಶರ್ಮನ ಸೈನಿಕರು ಉಡುತ್ತಿದ್ದ ಬಟ್ಟೆಯ ಬಣ್ಣ ಯಾವುದು ಹೇಳಿ” ಎಂದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಉತ್ತರ ಗೊತ್ತಿಲ್ಲದ ಅಧ್ಯಾಪಕರೆಲ್ಲ ಮಾಡುವ ಕೆಲಸ ಅದು.

ಮೊದಲು ಈ ಬೊಂಬೆಯಾಟದ ವಿಚಾರ ಎರಡು ಮಾತು ಹೇಳಬೇಕು. ನವರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ನಾವು ಕೂರಿಸುವ ಬೊಂಬೆಗಳಂತಲ್ಲ ಇವು. ಮೇಜಿನ ಮೇಲೆ ಗುಡ್ಡ, ಹೊಳೆ, ಕಾಡುಗಳನ್ನು ನಿರ್ಮಿಸಿ, ಎರಡು ಪಕ್ಷಗಳ ಪುಟ್ಟ ಸೈನ್ಯಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನೂ ದಾಳದಿಂದ ಹೊಡೆತದ ಫಲವನ್ನೂ ನಿರ್ಣಯಿಸುವ ಯುದ್ಧದಾಟ ಇದು. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಅಧಿಕಾರಿಗಳ ತರಬೇತಿಗಾಗಿ ಇಂಥ ಆಟದ ನಿಯಮಗಳನ್ನು ಪ್ರಕಟಿಸಿದ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಅದನ್ನು ಮನೆಯಂಗಳದ ವಿನೋದವನ್ನಾಗಿ ಮಾಡಿ ಪುಸ್ತಕ ಬರೆದ. ಇಂದು ಲೋಹದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ 28 ಮಿಲಿಮೀಟರ್ ಎತ್ತರದ ಸಿಪಾಯಿಗಳು ದೊರೆಯುತ್ತಾರೆ. ನೆಪೋಲಿಯನ್ನನ ಸೈನ್ಯ ಬೇಕೆ, ರೋಮನ್ನರ ಸೈನ್ಯ ಬೇಕೆ, ಸಿದ್ಧವಾಗಿವೆ. ಯಾವ ದಳಕ್ಕೆ ಯಾವ ಬಣ್ಣದ ಕೋಟು, ಎಷ್ಟು ಗುಂಡಿ ಎಂಬುದಕ್ಕೂ ಪುಸ್ತಕಗಳಿವೆ. ನನ್ನ ಮೊಮ್ಮಗನಿಗೆ ಅವು ಯಾವುವೂ ಬೇಡವಾದವು. ಶಿಕಾರಿಪುರದ ಸೀಮೆಯ ಹುಡುಗನಲ್ಲವೆ? ಅವನಿಗೆ ಕದಂಬರು ಪಲ್ಲವರೊಡನೆ ಮಾಡಿದ ಯುದ್ಧವೇ ಬೇಕಾಯಿತು.

ಶಿರಾಳಕೊಪ್ಪಕ್ಕೆ ಸಮೀಪದಲ್ಲಿ, ಬಳ್ಳಿಗಾವಿಯ ನೆರೆಯಲ್ಲಿ ತಾಳಗುಂದವಿದೆ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬದ ಮೇಲೆ, ಐದನೆಯ ಶತಮಾನದ ನಡುಭಾಗದಲ್ಲಿ, ಶಾಂತಿವರ್ಮನ ಆಳ್ವಿಕೆಯಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವೊಂದು ಕೆತ್ತಲ್ಪಟ್ಟಿದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟದಲ್ಲಿ ಅದನ್ನು ಪ್ರಕಟಿಸಿದರು. ವೇದಾಧ್ಯಯನವನ್ನು ಪೂರೈಸಲು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ತೀವ್ರವಾದ ಕಲಹವಾಯಿತು. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಅಭ್ಯಾಸವಾದ ಕೈ ಕತ್ತಿಯನ್ನು ಹಿರಿಯಿತು. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗೆ ಹಬ್ಬಿದ್ದ ದುರ್ಗಮವಾದ ಕಾಡನ್ನು ಸೇರಿ, ಬಾಣರಿಂದ ಕಪ್ಪ ಪಡೆದು, ಬೀಡುಬಿಟ್ಟು ಮಲಗಿದ್ದ ಸೈನ್ಯದ ಮೇಲೆ ರಾತ್ರಿಯಲ್ಲಿ ಗಿಡುಗನಂತೆ ಎರಗಿ, ಕೊನೆಗೆ ಪಲ್ಲವರಿಂದಲೇ ಪಟ್ಟಬಂಧದ ಗೌರವವನ್ನು ಪಡೆದನೆಂಬುದು ಆ ಕಾವ್ಯದ ಕಥೆ. ಇದು ನಡೆದದ್ದು ಸುಮಾರು 345ರಲ್ಲೆಂದು ವಿದ್ವಾಂಸರ ಎಣಿಕೆ.

ಕಥೆ ಭವ್ಯವಾಗಿದೆ, ಸಂದೇಹವಿಲ್ಲ. ಆದರೆ ಆ ಕತ್ತಿ ಎಷ್ಟು ಉದ್ದ? ನೇರವೋ ಬಾಗಿದುದೋ? ಕಾಡಿನಲ್ಲಿ ಅವನ ಬೆನ್ನಿಗೆ ನಿಂತವರು ಯಾರು? ಅವರ ತಲೆಯ ಮೇಲೆ ಏನಿತ್ತು? ಕುಬ್ಜ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಅವನಿಗಿರಲಿಲ್ಲ. ತರಗತಿಯಲ್ಲಿ ನಾನು ‘ಮಯೂರಶರ್ಮನು ಪ್ರಬಲವಾದ ಸೈನ್ಯವನ್ನು ಕಟ್ಟಿದನು’ ಎಂಬ ಒಂದು ವಾಕ್ಯದಿಂದ ಈ ಪ್ರಶ್ನೆಗಳನ್ನೆಲ್ಲ ದಾಟಿಬಿಡುತ್ತಿದ್ದೆ. ವಾಕ್ಯಕ್ಕೆ ಆ ಸೌಕರ್ಯವುಂಟು, ಬೊಂಬೆಗಿಲ್ಲ. ಬೊಂಬೆಯ ಕಾಲಿನಲ್ಲಿ ಕೆರ ಇರಬೇಕು, ಇಲ್ಲವೆ ಇರಬಾರದು. ‘ಇತ್ಯಾದಿ’ ಎಂದು ಬರೆದು ಅದರ ಮೊಣಕಾಲನ್ನು ಮುಚ್ಚಲಾಗದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಯೂರನ ಕುರಿತ ರೂಪಕವನ್ನು ಆಡಿಸಿದಾಗ ವೇಷಭೂಷಣಗಳ ಸಲಹೆಗಾರ ನಾನೇ ಆಗಿದ್ದೆ. ಮಕ್ಕಳಿಗೆ ವಿಜಯನಗರದ ಕುಲಾವಿಯಂಥ ಟೋಪಿ, ಮೊಗಲರ ಕಾಲದ ಬಾಗುಗತ್ತಿ, ಮಖಮಲ್ಲಿನ ಅಂಗಿಗಳನ್ನು ತೊಡಿಸಿದೆ. ಯಾರೂ ಆಕ್ಷೇಪಿಸಲಿಲ್ಲ. ನಮ್ಮೆಲ್ಲರ ಕಣ್ಣಿನಲ್ಲಿ ಇದ್ದ ಮಯೂರ 1975ರ ಚಲನಚಿತ್ರದ ಮಯೂರ. ದೇವುಡು ಅವರ ಕಾದಂಬರಿಯಿಂದ ಹುಟ್ಟಿ ಡಾ. ರಾಜ್‌ಕುಮಾರರ ರೂಪದಲ್ಲಿ ಮನಸ್ಸಿನಲ್ಲಿ ನೆಲಸಿದವನು. ಹೈಸ್ಕೂಲಿನಲ್ಲಿದ್ದಾಗ ಆ ಚಿತ್ರವನ್ನು ನೋಡಿ ರೋಮಾಂಚನಗೊಂಡವರಲ್ಲಿ ನಾನೂ ಒಬ್ಬ. ಚಿತ್ರ ತನ್ನ ಧರ್ಮವನ್ನು ಪಾಲಿಸಿತು. ಶಾಸನವನ್ನು ಓದಬಲ್ಲ ನಾನು ನನ್ನ ಧರ್ಮವನ್ನು ಪಾಲಿಸಲಿಲ್ಲ, ಅಷ್ಟೆ.

ಮೊಮ್ಮಗನ ತೊಡಕು ಬೇರೆ ಬಗೆಯದು. ‘ಪ್ರಾಚೀನ ಭಾರತ’ವೆಂಬ ಹೆಸರಿನಲ್ಲಿ ಅವನಿಗೆ ದೊರೆತ ಬೊಂಬೆಗಳು ಅಲೆಕ್ಸಾಂಡರನನ್ನು ಎದುರಿಸಿದ ಪೌರವನ ಸೈನಿಕರು. ಅದು ಕ್ರಿಸ್ತಪೂರ್ವ 326ರ ಮಾತು. ಮಯೂರಶರ್ಮನಿಗೂ ಅದಕ್ಕೂ ನಡುವೆ ಸುಮಾರು 670 ವರ್ಷಗಳು. ಆ ಬೊಂಬೆಯನ್ನು ಕದಂಬನೆಂದು ಕರೆಯುವುದು ಬುಕ್ಕರಾಯನ ಕಾಲದ ಯೋಧನನ್ನು ಇಂದಿನ ಗಡಿಯಲ್ಲಿ ಕಾವಲಿಗೆ ನಿಲ್ಲಿಸಿದಂತೆ. ಆದ್ದರಿಂದ ಇದ್ದ ಬೊಂಬೆಯನ್ನೇ ತಿದ್ದಿ ಬೇರೆ ಬೊಂಬೆ ಮಾಡಬೇಕು. ಸಣ್ಣ ಗರಗಸದಿಂದ ತಲೆಯನ್ನು ಕೊಯ್ದು, ಕುತ್ತಿಗೆಯಲ್ಲಿ ಸೂಜಿಯಷ್ಟು ರಂಧ್ರ ಕೊರೆದು, ತಂತಿಯ ತುಂಡನ್ನು ನಾಟಿ ಬೇರೊಂದು ತಲೆಯನ್ನು ಕೂರಿಸುತ್ತಾನೆ. ಸೋರುವ ನಲ್ಲಿಗೆ ಮೆತ್ತುವ ಎಂ-ಸೀಲ್ ಮಿಶ್ರಣವನ್ನೇ ನಾದಿ, ಗಟ್ಟಿಯಾಗುವುದರೊಳಗೆ ಧೋತರದ ನೆರಿಗೆಗಳನ್ನು ತಿದ್ದುತ್ತಾನೆ. ಅಂಟಿನಲ್ಲಿ ನೆನೆಸಿದ ತೆಳುಕಾಗದ ಮುಂಡಾಸಾಗುತ್ತದೆ; ಬಡಿದು ಚಪ್ಪಟೆ ಮಾಡಿದ ಗುಂಡುಸೂಜಿ ಕತ್ತಿಯಾಗುತ್ತದೆ.

ಕುದುರೆ ಸವಾರರ ಸರದಿ ಬಂದಾಗ ನಾನೂ ಸ್ವಲ್ಪ ಉಪಯೋಗಕ್ಕೆ ಬಂದೆ. ತಂದಿದ್ದ ಸವಾರರೆಲ್ಲರ ಪಾದಗಳೂ ರಿಕಾಪಿನಲ್ಲಿದ್ದವು. ನಮ್ಮ ದೇಶದ ಶಿಲ್ಪಗಳಲ್ಲಿ, ಸಾಂಚಿಯಲ್ಲಿ, ಹೆಬ್ಬೆರಳನ್ನು ತೂರಿಸುವ ಕುಣಿಕೆ ಕಾಣುತ್ತದೆಯೇ ಹೊರತು ಇಡೀ ಪಾದವನ್ನು ಹೊರುವ ಕಬ್ಬಿಣದ ರಿಕಾಪು ಬಹಳ ತಡವಾಗಿ ಬಂದದ್ದು. “ಅದನ್ನು ಕತ್ತರಿಸಪ್ಪ, ಕಾಲು ಸುಮ್ಮನೆ ಇಳಿಬೀಳಲಿ” ಎಂದೆ. ಹನ್ನೆರಡು ಸವಾರರ ಇಪ್ಪತ್ತನಾಲ್ಕು ರಿಕಾಪುಗಳನ್ನು ಅವನು ಒಂದು ಭಾನುವಾರವಿಡೀ ಕತ್ತರಿಸಿದ.

ಇನ್ನು ಉಡುಪು. ಈ ಸೀಮೆಯಲ್ಲಿ ಸೈನಿಕನ ಚಿತ್ರ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ವೀರಗಲ್ಲುಗಳಿಗೆ ಬರವೆ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಬಿಲ್ಲು ಹಿಡಿದ ಬಗೆ, ಗುರಾಣಿಯ ಆಕಾರ, ಸೊಂಟದ ಕಠಾರಿ ಎಲ್ಲವೂ ಅಲ್ಲಿವೆ. ಹುಡುಗ ಬಳ್ಳಿಗಾವಿಗೆ ಹೋಗಿ ಒಂದು ನೋಟುಪುಸ್ತಕದ ತುಂಬ ಚಿತ್ರ ಬರೆದುಕೊಂಡು ಬಂದ. ಅವನ ಉತ್ಸಾಹಕ್ಕೆ ನಾನೇ ತಣ್ಣೀರೆರಚಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಹನ್ನೊಂದರಿಂದ ಹದಿಮೂರನೆಯ ಶತಮಾನದವು. ಮಯೂರಶರ್ಮನಿಗೆ ಏಳೆಂಟು ಶತಮಾನ ಈಚಿನವು. ನೆಲ ಒಂದೇ ಆದಮಾತ್ರಕ್ಕೆ ಕಾಲ ಒಂದಾಗದು.

ಕಾಲಕ್ಕೆ ಹತ್ತಿರದ ಸಾಕ್ಷಿಗಳು ನೆಲದಿಂದ ದೂರದಲ್ಲಿವೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಹೊರಬಂದ ಶಾತವಾಹನ ಕಾಲದ ಫಲಕಗಳು ಒಂದು. ಕೃಷ್ಣಾ ತೀರದ ನಾಗಾರ್ಜುನಕೊಂಡದ ಶಿಲ್ಪಗಳು ಇನ್ನೊಂದು. ಅಣೆಕಟ್ಟಿನ ನೀರು ಏರುವ ಮುನ್ನ ಅಗೆದು ತೆಗೆದ ಅವು ಇಂದು ದ್ವೀಪದ ಮೇಲಿನ ವಸ್ತುಸಂಗ್ರಹಾಲಯದಲ್ಲಿವೆ. ಇಲ್ಲಿ ಗಂಡಸರು ಬರಿಮೈಯವರು, ಸೊಂಟಕ್ಕೆ ಬಿಗಿದ ವಸ್ತ್ರ, ತಲೆಗೆ ದೊಡ್ಡ ಮುಂಡಾಸು. ಆದರೆ ನಾಗಾರ್ಜುನಕೊಂಡದ ಕಂಬವೊಂದರಲ್ಲಿ ನಿಲುವಂಗಿ, ಷರಾಯಿ ತೊಟ್ಟು ಈಟಿ ಹಿಡಿದ ಭಟನೂ ಇದ್ದಾನೆ. ವಿದ್ವಾಂಸರು ಅವನನ್ನು ಶಕನೆನ್ನುತ್ತಾರೆ. ಎಲ್ಲರಿಗೂ ಒಂದೇ ಧೋತರ ಉಡಿಸಿ ಕೈತೊಳೆದುಕೊಳ್ಳಲು ಅವನು ಬಿಡುವುದಿಲ್ಲ.

ಕಲ್ಲು ಆಕಾರ ಹೇಳೀತು, ಬಣ್ಣ ಹೇಳದು. ಬಣ್ಣಕ್ಕೆ ನಮಗೆ ಉಳಿದಿರುವ ದೊಡ್ಡ ಆಸರೆ ಅಜಂತೆಯ ಗೋಡೆ. ಹದಿನೇಳನೆಯ ಗುಹೆಯಲ್ಲಿ, ಸಿಂಹಲನ ಕಥೆಯ ಚಿತ್ರದಲ್ಲಿ, ಆನೆ ಕುದುರೆಗಳೂ ಈಟಿ ಹಿಡಿದ ಭಟರೂ ಇದ್ದಾರೆ. ಅದು ಐದನೆಯ ಶತಮಾನದ ವಾಕಾಟಕರ ಕಾಲದ್ದು. ಕದಂಬ ಕಾಕುಸ್ಥವರ್ಮನು ಗುಪ್ತರೇ ಮೊದಲಾದ ರಾಜವಂಶಗಳಿಗೆ ಹೆಣ್ಣುಗಳನ್ನು ಕೊಟ್ಟನೆಂದು ತಾಳಗುಂದದ ಶಾಸನವೇ ಹೇಳುತ್ತದೆ. ವಾಕಾಟಕ ನರೇಂದ್ರಸೇನನ ರಾಣಿ ಕುಂತಲದ ದೊರೆಯ ಮಗಳು, ಬಹುಶಃ ಕದಂಬ ಕನ್ಯೆ. ಅಜಂತೆಯನ್ನು ಪೋಷಿಸಿದವರು ಆ ವಂಶದ ಇನ್ನೊಂದು ಶಾಖೆಯವರು. ಅಂತೂ ನಾವು ನೋಡುತ್ತಿರುವುದು ಬೀಗರ ದಾಯಾದಿಗಳ ಮನೆಯ ಗೋಡೆಯನ್ನು, ಅದೂ ನೂರು ವರ್ಷಗಳ ಅನಂತರ. ಕೆಮ್ಮಣ್ಣು, ಹಳದಿಮಣ್ಣು, ದೀಪದ ಮಸಿ, ಸುಣ್ಣ, ಹಸಿರುಮಣ್ಣು: ಹುಡುಗ ತನ್ನ ಬಣ್ಣದ ಬಟ್ಟಲುಗಳನ್ನು ಇವುಗಳಿಗೆ ಹೊಂದಿಸಿಕೊಂಡ.

ಬಾವುಟದ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಕದಂಬರಿಗೆ ಸಿಂಹಲಾಂಛನ, ವಾನರಧ್ವಜ ಎಂದು ನಾವೆಲ್ಲ ಓದಿದ್ದೇವೆ. ಆದರೆ ವಾನರಧ್ವಜದ ಬಿರುದು ಮೆರೆಯುವುದು ಹಾನಗಲ್ಲು, ಗೋವೆಗಳ ಕದಂಬರ ಶಾಸನಗಳಲ್ಲಿ, ಆರೇಳು ನೂರು ವರ್ಷಗಳ ತರುವಾಯ. ಕಾಡಿನಲ್ಲಿ ಅಡಗಿದ್ದವನು ಧ್ವಜ ಹಿಡಿದಿದ್ದನೆ? ನಾನು ಬೇಡವೆಂದೆ. “ಬಾವುಟವಿಲ್ಲದ ಸೈನ್ಯ ಚೆನ್ನಾಗಿ ಕಾಣುವುದಿಲ್ಲ ಅಜ್ಜಾ” ಎಂದು ಅವನು ಹಟ ಹಿಡಿದ. ಅದು ನಿಜವೇ. ರೂಪಕದಲ್ಲಿ ನಾನು ಮಖಮಲ್ಲಿನ ಅಂಗಿ ತೊಡಿಸಿದ್ದೂ ಚೆನ್ನಾಗಿ ಕಾಣಲೆಂದೇ.

ನಮ್ಮ ಜಗಳವನ್ನು ಬಗೆಹರಿಸಿದ್ದು ಆಟವೇ. ಮೊದಲ ಸಲ ಅವನು ಮೇಜಿನ ಮೇಲೆ ಬಯಲನ್ನು ಹಾಸಿ ಎರಡು ಸೈನ್ಯಗಳನ್ನೂ ಎದುರುಬದುರು ನಿಲ್ಲಿಸಿದ. ಪಲ್ಲವರ ಆನೆ ಕುದುರೆಗಳು ಮಯೂರಶರ್ಮನ ಕಾಲಾಳುಗಳನ್ನು ಅರ್ಧ ಗಂಟೆಯೊಳಗೆ ತುಳಿದುಹಾಕಿದವು. ಎರಡನೆಯ ಸಲವೂ ಅದೇ ಗತಿ. ಆಗ ನಾನು ಶಾಸನವನ್ನು ಮತ್ತೆ ಓದಿ ಅರ್ಥ ಹೇಳಿದೆ: ದುರ್ಗಮವಾದ ಕಾಡು, ರಾತ್ರಿ, ಮಲಗಿದ್ದ ಸೈನ್ಯ. ಅವನು ಮೇಜಿನ ಮುಕ್ಕಾಲು ಪಾಲು ಕಾಡು ಮಾಡಿದ. ಕತ್ತಲೆಯಲ್ಲಿ ಅಂಗೈ ಉದ್ದಕ್ಕಿಂತ ದೂರ ಯಾರಿಗೂ ಕಾಣದೆಂಬ ನಿಯಮ ಹಾಕಿದ. ಮಯೂರಶರ್ಮ ಗೆದ್ದ. ನಾನು ಮೂವತ್ತು ವರ್ಷ ಅಲಂಕಾರವೆಂದು ತಿಳಿದು ದಾಟಿಸುತ್ತಿದ್ದ ಗಿಡುಗನ ಉಪಮೆ ಯುದ್ಧದ ನಿಜವಾದ ವರದಿಯೂ ಆಗಿರಬಹುದೆಂದು ಅಂದು ತೋರಿತು. ಇರುಳಿನಲ್ಲಿ ಎರಗುವವರಿಗೆ ಬಾವುಟವೇಕೆ? ಹೊಳೆಯುವ ಆಭರಣವೇಕೆ? ಹುಡುಗ ತಾನಾಗಿಯೇ ಬಾವುಟವನ್ನು ಕೆಳಗಿಟ್ಟ. ಕಾಡಿನ ಭಟರಿಗೆ ಬಣ್ಣ ಹಾಕದ ಹತ್ತಿಯ ಮಾಸಲು ಬಿಳುಪು, ಕಾವಿ, ಮಂಕಾದ ನೀಲಿ ಬಳಿದ.

ಆದರೂ ಇದು ಊಹೆ. ಆಧಾರವುಳ್ಳ ಊಹೆಯೂ ಊಹೆಯೇ. ಅದಕ್ಕಾಗಿ ನಾವಿಬ್ಬರೂ ಕೂಡಿ ಒಂದು ಕಟ್ಟಳೆ ಮಾಡಿಕೊಂಡೆವು. ಪ್ರತಿಯೊಂದು ಬೊಂಬೆಯ ಪೀಠದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಯಾವುದಕ್ಕೆ ಏನು ಆಧಾರವೆಂದು ಬರೆಯಬೇಕು. ಶಾಸನವಾದರೆ ‘ಶಾ’, ಕಲ್ಲಾದರೆ ‘ಕ’, ಗೋಡೆಯ ಚಿತ್ರವಾದರೆ ‘ಗೋ’, ಊಹೆಯಾದರೆ ‘ಊ’. ಕತ್ತಿ ಇತ್ತೆಂಬುದಕ್ಕೆ ‘ಶಾ’, ಅದರ ಆಕಾರಕ್ಕೆ ‘ಕ’, ಮುಂಡಾಸಿಗೆ ‘ಕ’, ವಸ್ತ್ರದ ಬಣ್ಣಕ್ಕೆ ‘ಊ’. ನಲವತ್ತೆಂಟು ಬೊಂಬೆಗಳು ಮುಗಿದ ಮೇಲೆ ತಿರುಗಿಸಿ ನೋಡಿದೆವು. ‘ಊ’ ಇಲ್ಲದ ಬೊಂಬೆ ಒಂದೂ ಇರಲಿಲ್ಲ. ಹುಡುಗನ ಮುಖ ಸಣ್ಣಗಾಯಿತು. ನನಗಾದರೋ ಸಮಾಧಾನವೇ ಆಯಿತು. ನನ್ನ ಪಾಠಗಳ ಅಡಿಯಲ್ಲಿಯೂ ಹೀಗೆ ಅಕ್ಷರ ಬರೆದಿದ್ದರೆ ಎಷ್ಟು ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತಿತ್ತೋ ಎನ್ನಿಸಿತು.

ಕೇಳುತ್ತಿರುವ ಹಳ್ಳಿಯ ಬಂಧುಗಳಲ್ಲಿ ಒಂದು ವಿನಂತಿ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳಿಗೆ ಭಕ್ತಿಯಿಂದ ಎಣ್ಣೆಬಣ್ಣ ಬಳಿಯುವ ರೂಢಿ ಕೆಲವೆಡೆ ಇದೆ. ಬಣ್ಣದಡಿಯಲ್ಲಿ ಕಠಾರಿಯ ಹಿಡಿ, ಕಚ್ಚೆಯ ನೆರಿಗೆ, ಕೆಲವೊಮ್ಮೆ ಶಾಸನದ ಅಕ್ಷರವೂ ಮುಚ್ಚಿಹೋಗುತ್ತದೆ. ಬೊಂಬೆಗೆ ಬಳಿದ ಬಣ್ಣ ತಪ್ಪಾದರೆ ತೊಳೆದು ಬೇರೆ ಬಳಿಯಬಹುದು. ಕಲ್ಲು ನಮ್ಮ ಸಾಕ್ಷಿ. ಸಾಕ್ಷಿಯ ಬಾಯಿಗೆ ಬಣ್ಣ ಮೆತ್ತಬಾರದು. ಹೂವು ಏರಿಸಿ, ನೀರೆರೆಯಿರಿ, ಕೈಮುಗಿಯಿರಿ, ಅಷ್ಟು ಸಾಕು.

ಕಡೆಯದಾಗಿ ಉಳಿದದ್ದು ಮಯೂರಶರ್ಮನ ಬೊಂಬೆ. ಅದಕ್ಕಾಗಿ ಹುಡುಗ ಯಜ್ಞದ ಸ್ರುಕ್ಕು ಹಿಡಿದಿದ್ದ ಒಬ್ಬ ಋತ್ವಿಜನ ಬೊಂಬೆಯನ್ನು ತಾನೇ ತಿದ್ದಿ ಮಾಡಿಟ್ಟಿದ್ದ. ಸ್ರುಕ್ಕನ್ನು ಕತ್ತರಿಸಿ ಆ ಮುಷ್ಟಿಗೇ ಕತ್ತಿಯನ್ನು ಅಂಟಿಸಿದ, ಕೈಯನ್ನು ಬದಲಾಯಿಸಲಿಲ್ಲ. “ಶಾಸನದಲ್ಲಿ ಅದೇ ಕೈ ಅಂತ ಇದೆಯಲ್ಲ ಅಜ್ಜಾ” ಎಂದ. ಪೀಠವನ್ನು ತಿರುಗಿಸಿ ನೋಡಿದೆ. ಕೈಯ ಎದುರಿಗೆ ‘ಶಾ’ ಎಂದು ಬರೆದಿದ್ದ. ಮುಖದ ಎದುರಿಗೆ ‘ಊ’.