ಸಾಲವು ಪಾಲಾದಾಗ



ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನಕ್ಕೆ ಪಾಲು ಎಂಬ ಮಾತು ಹೊಸದಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಅದೇ ತಾಲೂಕಿನ ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರಖಾನೆಯುಂಟು. ಮೂಡಲಗಿಯ ಕಡೆ ಪತ್ತಿನ ಸಂಘಗಳಲ್ಲಿ ಪಾಲು ಹೊಂದಿದ ಮನೆಗಳು ಎಷ್ಟೋ. ಆದರೆ ಗೋಕಾಕ ಜಲಪಾತದ ಬಳಿ 19ನೆಯ ಶತಮಾನದ ಕೊನೆಯಲ್ಲಿ ಎದ್ದ ನೂಲಿನ ಗಿರಣಿ ಸಹಕಾರಿಯಲ್ಲ. ಅದನ್ನು ಕಟ್ಟಿದ್ದು ಕಂಪನಿ. ಸಹಕಾರಿಯ ಪಾಲು ಬೇರೆ, ಕಂಪನಿಯ ಷೇರು ಬೇರೆ. ಇಂದು ಕೈಯಲ್ಲಿರುವ ಫೋನಿನಿಂದಲೇ ಷೇರು ಕೊಳ್ಳಲು ಬರುತ್ತದೆ. ಆದುದರಿಂದ ಈ ಅಂತರವನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು.

ಸಹಕಾರಿ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಪಾಲಿಗೆ ಮುಖಬೆಲೆಯೇ ಬೆಲೆ. ಹೊಸದಾಗಿ ನೂರು ಜನ ಸೇರಿದರೂ ನಿಮ್ಮ ನೂರು ರೂಪಾಯಿಯ ಪಾಲು ನೂರು ರೂಪಾಯಿಯದಾಗಿಯೇ ಉಳಿಯುತ್ತದೆ. ಕಂಪನಿಯಲ್ಲಿ ಹಾಗಲ್ಲ. ಅಲ್ಲಿ ಷೇರಿಗೊಂದು ಮತ. ಇಡೀ ಕಂಪನಿಯ ಬೆಲೆಯನ್ನು ಒಟ್ಟು ಷೇರುಗಳಿಂದ ಭಾಗಿಸಿದಾಗ ಬರುವುದೇ ಒಂದು ಷೇರಿನ ಯೋಗ್ಯತೆ. ಹೀಗಾಗಿ ಹೊಸ ಷೇರು ಎಷ್ಟು ಹುಟ್ಟಿದವು, ಯಾವ ಬೆಲೆಗೆ ಹುಟ್ಟಿದವು ಎಂಬುದು ಹಳೆಯ ಭಾಗೀದಾರನ ಮನೆಯ ಲೆಕ್ಕವೇ ಆಗುತ್ತದೆ.

ಹೊಸ ಷೇರುಗಳು ಸದ್ದಿಲ್ಲದೆ ಹುಟ್ಟುವ ದಾರಿಗಳು ಎರಡು. ಮೊದಲನೆಯದು ಪರಿವರ್ತನೀಯ ಸಾಲಪತ್ರ. ಇಂದು ಸಾಲವಾಗಿ ಕೊಟ್ಟ ಹಣ, ಗೊತ್ತಾದ ಅವಧಿಯೊಳಗೆ ಷೇರುಗಳಾಗಿ ಬದಲಾಗುತ್ತದೆ. ಎರಡನೆಯದು ವಾರಂಟು. ಇದು ಪೊಲೀಸರು ತರುವ ವಾರಂಟಲ್ಲ! ಮುಂದೊಂದು ದಿನ ಇಂಥ ಬೆಲೆಗೆ ಇಷ್ಟು ಷೇರು ಕೊಳ್ಳುತ್ತೇನೆಂಬ ಹಕ್ಕಿನ ಚೀಟಿ. ಹೊಲ ಕೊಳ್ಳುವವರು ಮೊದಲು ಸಂಚಕಾರ ಕೊಟ್ಟು ಮಾತು ಗಟ್ಟಿಮಾಡಿಕೊಳ್ಳುವುದಿಲ್ಲವೆ? ಹೆಚ್ಚುಕಡಿಮೆ ಅದೇ ಬಗೆ.

ಸಣ್ಣ ಕಂಪನಿಗಳು ಈ ದಾರಿ ಹಿಡಿಯುವುದೇಕೆ? ಬ್ಯಾಂಕು ಅಡವು ಕೇಳುತ್ತದೆ, ತಿಂಗಳು ತಿಂಗಳು ಬಡ್ಡಿ ಕೇಳುತ್ತದೆ. ಹೊಸ ಉದ್ಯಮದ ಬಳಿ ಎರಡೂ ಇರುವುದಿಲ್ಲ. ಷೇರು ಸಿಗುವ ಆಸೆಯಿದ್ದವನು ಕಡಮೆ ಬಡ್ಡಿಗೂ ಒಪ್ಪುತ್ತಾನೆ. ನಮ್ಮ ಸರಕಾರವು ಮಾನ್ಯತೆ ಪಡೆದ ನವೋದ್ಯಮಗಳಿಗೆ ಇದಕ್ಕೆ ಅವಕಾಶ ಕೊಟ್ಟಿದೆ. ಒಬ್ಬನಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ರೂಪಾಯಿ ಬರಬೇಕು. ಪರಿವರ್ತನೆಯ ಅವಧಿ ಮೊದಲು 5 ವರ್ಷವಿದ್ದುದು 2020ರಲ್ಲಿ 10 ವರ್ಷವಾಯಿತು. ಆದುದರಿಂದ ಈ ಪತ್ರಗಳನ್ನು ಮೋಸವೆಂದು ದೂರುವುದು ಸರಿಯಲ್ಲ. ಒಳಿತು ಕೆಡಕುಗಳು ಪರಿವರ್ತನೆಯ ಬೆಲೆಯಲ್ಲಿ ಅಡಗಿವೆ.

ಒಂದು ಗಡಿಗೆ ಮಜ್ಜಿಗೆಯ ಸುತ್ತ ಹತ್ತು ಜನ ಕುಳಿತಿದ್ದಾರೆನ್ನಿ. ಇನ್ನಿಬ್ಬರು ಬಂದರು. ಅವರು ತಮ್ಮ ಪಾಲಿನ ಮಜ್ಜಿಗೆಯನ್ನು ತಂದು ಸುರಿದರೆ ಯಾರಿಗೂ ಕೊರತೆಯಿಲ್ಲ. ಬರಿ ನೀರು ಸುರಿದು ಕುಳಿತರೆ ಎಲ್ಲರ ಬಟ್ಟಲೂ ತೆಳುವಾಗುತ್ತದೆ. ಕಂಪನಿಯ ಷೇರು ತೆಳುವಾಗುವುದೂ ಹೀಗೆಯೇ.

ಲೆಕ್ಕದಿಂದ ನೋಡೋಣ. ಗೋಕಾಕದಲ್ಲಿ ಕರದಂಟು ಮಾಡುವ ಒಂದು ಸಣ್ಣ ಕಂಪನಿಯಿದೆಯೆಂದು ಕಲ್ಪಿಸಿಕೊಳ್ಳಿ. ಷೇರುಗಳು 10 ಲಕ್ಷ, ಒಂದರ ಬೆಲೆ 50 ರೂಪಾಯಿ. ಒಟ್ಟು 5 ಕೋಟಿ. ನಿಮ್ಮ ಮನೆಯಲ್ಲಿ 1,000 ಷೇರು, ಅಂದರೆ 50,000 ರೂಪಾಯಿ. ಕಂಪನಿ ಪರಿವರ್ತನೀಯ ಪತ್ರ ಕೊಟ್ಟು 1 ಕೋಟಿ ತಂದಿತು. ಸಾಲ ಪಾಲಾದ ಮೇಲೆ ತೀರಿಸುವ ಹೊರೆಯಿಲ್ಲ. ಕಂಪನಿಯ ಬೆಲೆ 6 ಕೋಟಿ. ಪರಿವರ್ತನೆ 50 ರೂಪಾಯಿಗೆ ಆದರೆ ಹೊಸ ಷೇರು 2 ಲಕ್ಷ. 6 ಕೋಟಿಯನ್ನು 12 ಲಕ್ಷದಿಂದ ಭಾಗಿಸಿದರೆ ಮತ್ತೆ 50 ರೂಪಾಯಿಯೇ. ನಿಮ್ಮ ಮತದ ಬಲ ತುಸು ಇಳಿಯಿತು, ಹಣ ಇಳಿಯಲಿಲ್ಲ. ಅದೇ ಪರಿವರ್ತನೆ 25 ರೂಪಾಯಿಗೆ ಆದರೆ ಹೊಸ ಷೇರು 4 ಲಕ್ಷ. ನಿಮ್ಮ 50,000ವು ಸುಮಾರು 42,850ಕ್ಕೆ ಇಳಿಯಿತು. 10 ರೂಪಾಯಿಗೆ ಆದರೋ? ಹೊಸ ಷೇರು 10 ಲಕ್ಷ, ಷೇರಿನ ಯೋಗ್ಯತೆ 30 ರೂಪಾಯಿ, ನಿಮ್ಮ ಕೈಯಲ್ಲಿ 30,000. ಒಂದು ಕೋಟಿ ಕೊಟ್ಟವನ ಕೈಯಲ್ಲಿ ಮೂರು ಕೋಟಿ! ಆ ಎರಡು ಕೋಟಿ ಆಕಾಶದಿಂದ ಬಿದ್ದುದಲ್ಲ. ಹಳೆಯ ಭಾಗೀದಾರರ ಬಟ್ಟಲಿನಿಂದ ಹೋದುದು.

ಇದಕ್ಕಿಂತ ಅಪಾಯದ ಕರಾರು ಇನ್ನೊಂದುಂಟು. ಅದರಲ್ಲಿ ಪರಿವರ್ತನೆಯ ಬೆಲೆಯನ್ನು ಮೊದಲೇ ಗೊತ್ತುಮಾಡದೆ, ಆಯಾ ದಿನದ ಪೇಟೆಯ ಧಾರಣೆಗಿಂತ ಇಷ್ಟು ಕಡಮೆ ಎಂದು ಬರೆಯುತ್ತಾರೆ. ಆಗ ಷೇರಿನ ಬೆಲೆ ಇಳಿದಷ್ಟೂ ಸಾಲ ಕೊಟ್ಟವನಿಗೆ ಹೆಚ್ಚು ಷೇರು. ಅವನು ಅವನ್ನು ಮಾರಿದರೆ ಬೆಲೆ ಮತ್ತೆ ಇಳಿಯುತ್ತದೆ. ಇಳಿದರೆ ಇನ್ನೂ ಹೆಚ್ಚು ಷೇರು. 1990ರ ದಶಕದಲ್ಲಿ ಅಮೆರಿಕದ ಹಲವು ಸಣ್ಣ ಕಂಪನಿಗಳು ಈ ಸುಳಿಗೆ ಸಿಕ್ಕವು. ಅದನ್ನು ಅಲ್ಲಿಯವರು ಸಾವಿನ ಸುಳಿಯೆಂದೇ ಕರೆದರು. ನಮ್ಮಲ್ಲಿ ಷೇರುಪೇಟೆಯ ಕಾವಲುಗಾರನಾದ ಸೆಬಿ ಇದಕ್ಕೆ ಒಡ್ಡು ಕಟ್ಟಿದೆ. ಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಆಯ್ದ ಕೆಲವರಿಗೆ ಇಂಥ ಪತ್ರ ಕೊಡುವಾಗ ಕನಿಷ್ಠ ಬೆಲೆಯೊಂದನ್ನು ಪಾಲಿಸಬೇಕು. ವಹಿವಾಟು ಚೆನ್ನಾಗಿರುವ ಷೇರಿಗೆ, ಹಿಂದಿನ 90 ವ್ಯವಹಾರದ ದಿನಗಳ ಸರಾಸರಿ, 10 ದಿನಗಳ ಸರಾಸರಿ, ಇವೆರಡರಲ್ಲಿ ಹೆಚ್ಚಿನದೇ ಆ ಕನಿಷ್ಠ ಬೆಲೆ. ಇದು 2022ರಲ್ಲಿ ಬಂದ ನಿಯಮ. ಪರಿವರ್ತನೆ 18 ತಿಂಗಳೊಳಗೆ ಮುಗಿಯಬೇಕು.

ವಾರಂಟಿಗೂ ಅದೇ 18 ತಿಂಗಳು. ಕೊಳ್ಳುವವನು ಬೆಲೆಯ ಕಾಲು ಭಾಗವನ್ನು ಮುಂಗಡವಾಗಿ ಕೊಡಬೇಕು. ನಮ್ಮ ಕಲ್ಪನೆಯ ಕಂಪನಿ 50 ರೂಪಾಯಿಯಂತೆ 2 ಲಕ್ಷ ವಾರಂಟು ಕೊಟ್ಟಿತೆನ್ನಿ. ವ್ಯಾಪಾರ ಚಿಗುರಿ, ಆ ಮುಂಗಡವನ್ನು ಬಿಟ್ಟು ಕಂಪನಿಯ ಬೆಲೆ 8 ಕೋಟಿಗೆ ಏರಿತು, ಷೇರಿಗೆ 80. ವಾರಂಟಿನವನು ಒಟ್ಟು 1 ಕೋಟಿ ತುಂಬಿ ಒಳಗೆ ಬರುತ್ತಾನೆ. 9 ಕೋಟಿ, 12 ಲಕ್ಷ ಷೇರು, ಷೇರಿಗೆ 75. ಏರಿದ ಸುಗ್ಗಿಯಲ್ಲಿ ಷೇರಿಗೆ ಐದು ರೂಪಾಯಿ ಅವನ ಕಡೆಗೆ ಹರಿಯಿತು. ಬೆಲೆ ಏರದೆ ಅವನು ಹಿಂದೆ ಸರಿದರೆ ಸಂಚಕಾರದ 25 ಲಕ್ಷ ಕಂಪನಿಯಲ್ಲೇ ಉಳಿಯುತ್ತದೆ. ಲಾಭದಲ್ಲಿ ಪಾಲುಗಾರ, ನಷ್ಟದಲ್ಲಿ ಮುಂಗಡಕ್ಕಷ್ಟೇ ಹೊಣೆಗಾರ. ಇದು ವಾರಂಟಿನ ಸ್ವಭಾವ.

ಬೆಲೆ ಹಳಬರಿಗೆ ಅನುಕೂಲವಾಗಿದ್ದರೆ ಸಾಕೆ? ಸಾಲದು. ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ವಿಮಾನ ಕಂಪನಿಯ ಕಥೆ ನೆನಪಿರಬಹುದು. ಅದು ಸಣ್ಣ ಕಂಪನಿಯಲ್ಲ, ಪಾಠ ಮಾತ್ರ ಒಂದೇ. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಷೇರುಗಳಾಗಿ ಪಡೆದವು, ಅದೂ ಪೇಟೆಯ ಧಾರಣೆಗಿಂತ ಶೇಕಡಾ 60ಕ್ಕೂ ಮೇಲಿನ ಬೆಲೆಗೆ. 2012ರಲ್ಲಿ ವಿಮಾನಗಳ ಹಾರಾಟವೇ ನಿಂತಿತು. ಗಡಿಗೆಯೇ ಒಡೆದ ಮೇಲೆ ಮಜ್ಜಿಗೆ ಗಟ್ಟಿಯಾಗಿತ್ತೆಂದು ಸಮಾಧಾನಪಡುವವರಾರು?

ಹಾಗಾದರೆ ಸಾಮಾನ್ಯ ಭಾಗೀದಾರನು ಮಾಡಬೇಕಾದುದೇನು? ವಾರ್ಷಿಕ ವರದಿಯಲ್ಲಿ ಷೇರೊಂದರ ಗಳಿಕೆಯನ್ನು ಎರಡು ಬಗೆಯಾಗಿ ಬರೆದಿರುತ್ತಾರೆ: ಈಗಿನ ಷೇರುಗಳ ಮೇಲಿನದು ಒಂದು, ಮುಂದೆ ಹುಟ್ಟಬಹುದಾದವನ್ನೂ ಸೇರಿಸಿದ ಡೈಲ್ಯೂಟೆಡ್ ಗಳಿಕೆ ಇನ್ನೊಂದು. 60 ಲಕ್ಷ ಲಾಭವನ್ನು 10 ಲಕ್ಷ ಷೇರಿಗೆ ಹಂಚಿದರೆ 6 ರೂಪಾಯಿ, 12 ಲಕ್ಷಕ್ಕೆ ಹಂಚಿದರೆ 5. ಈ ಎರಡರ ನಡುವಿನ ಅಂತರವೇ ಬಾಗಿಲ ಹೊರಗೆ ಕಾದಿರುವ ಅತಿಥಿಗಳ ಎಣಿಕೆ. ಆಯ್ದವರಿಗೆ ಇಂಥ ಪತ್ರ ಕೊಡಲು ವಿಶೇಷ ನಿರ್ಣಯ ಬೇಕು. ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಆ ನಿರ್ಣಯದ ಸೂಚನೆ ನಿಮಗೂ ಬರುತ್ತದೆ. ಅದನ್ನು ಓದದೆ ಮೂಲೆಗೆ ಹಾಕಬೇಡಿ. ಹಣ ಯಾರಿಂದ, ಯಾವ ಬೆಲೆಗೆ, ಯಾವ ಕೆಲಸಕ್ಕೆ? ಈ ಮೂರನ್ನು ಅದರಲ್ಲಿ ಹುಡುಕಿರಿ. ಉತ್ತರ ಸಿಕ್ಕರೆ ಮತ ಹಾಕಿರಿ. ಸಿಗದಿದ್ದರೆ ಸಭೆಯಲ್ಲಿ ಎದ್ದು ಕೇಳಿರಿ. ಸಾವಿರ ಷೇರಿನವನ ಪ್ರಶ್ನೆಗೂ ಅಲ್ಲಿ ಜಾಗವಿದೆ.